ಹಳೆಯ ಗಣಕ ವ್ಯವಸ್ಥೆಗೆ ಹೊಸ ತಂತ್ರಾಂಶವನ್ನು ಜೋಡಿಸುವುದು ಹೇಗೆ?

ಪ್ರಶ್ನೆ: ನಮ್ಮ ಸಂಸ್ಥೆಯ ದಾಸ್ತಾನು ಮತ್ತು ಬಿಲ್ಲಿಂಗ್ ಕೆಲಸವೆಲ್ಲ ಮೇನ್‌ಫ್ರೇಮ್ ಎಂಬ ದೊಡ್ಡ ಕೇಂದ್ರೀಯ ಗಣಕದಲ್ಲಿರುವ ಹಳೆಯ ಕೋಬಾಲ್ ಪ್ರೋಗ್ರಾಂಗಳಿಂದ ನಡೆಯುತ್ತಿದೆ. ಈಗ ಇಆರ್‌ಪಿ, ಅಂದರೆ ಸಂಸ್ಥೆಯ ಎಲ್ಲ ವಿಭಾಗಗಳ ಕೆಲಸವನ್ನು ಒಂದೆಡೆ ನಿರ್ವಹಿಸುವ ತಂತ್ರಾಂಶ ಕೊಂಡಿದ್ದೇವೆ. ಹಳೆಯದನ್ನು ಪೂರ್ತಿ ತೆಗೆದುಹಾಕಿ ಎನ್ನುತ್ತಾರೆ ಮಾರಾಟಗಾರರು. ಎರಡನ್ನೂ ಜೋಡಿಸಿಕೊಂಡರೆ ಸಾಕು ಎನ್ನುತ್ತಾರೆ ನಮ್ಮ ಹಿರಿಯ ಪ್ರೋಗ್ರಾಮರ್. ಯಾವುದು ಸರಿ?

ಉತ್ತರ: ನನ್ನ ಒಲವು ನಿಮ್ಮ ಪ್ರೋಗ್ರಾಮರ್ ಅವರ ಕಡೆಗಿದೆ. ಕೋಬಾಲ್ 1959ರಲ್ಲಿ ರೂಪುಗೊಳ್ಳತೊಡಗಿದ ಭಾಷೆ ಎಂಬ ಕಾರಣಕ್ಕೆ ಅದರಲ್ಲಿ ಬರೆದದ್ದೆಲ್ಲ ಕೆಲಸಕ್ಕೆ ಬಾರದ್ದೆಂದು ಭಾವಿಸಬೇಕಿಲ್ಲ. ರಿಯಾಯಿತಿ, ತೆರಿಗೆ, ವಾಪಸಾದ ಸರಕು ಇವುಗಳ ಬಗ್ಗೆ ವರ್ಷಗಳಿಂದ ಸೇರುತ್ತ ಬಂದ ನಿಯಮಗಳು ಎಷ್ಟೋ ವೇಳೆ ಆ ಪ್ರೋಗ್ರಾಂಗಳನ್ನು ಬಿಟ್ಟು ಬೇರೆಲ್ಲೂ ದಾಖಲಾಗಿರುವುದಿಲ್ಲ. ಎಲ್ಲವನ್ನೂ ಒಂದೇ ಸಲ ಬದಲಾಯಿಸುವುದರ ಅಪಾಯವನ್ನು ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕು ಅನುಭವಿಸಿದೆ. 2018ರ ಏಪ್ರಿಲ್‌ನಲ್ಲಿ ಅದು ಸುಮಾರು 50 ಲಕ್ಷ ಗ್ರಾಹಕರನ್ನು ಹೊಸ ವ್ಯವಸ್ಥೆಗೆ ಸಾಗಿಸಿದಾಗ ದತ್ತಾಂಶವೇನೋ ಸರಿಯಾಗಿಯೇ ತಲುಪಿತು, ಆದರೆ ಹೊಸ ವ್ಯವಸ್ಥೆ ಆ ಭಾರ ತಾಳಲಿಲ್ಲ. 2022ರಲ್ಲಿ ಬ್ಯಾಂಕು 4.865 ಕೋಟಿ ಪೌಂಡ್ ದಂಡ ತೆರಬೇಕಾಯಿತು.

ಜೋಡಣೆಯೆಂದರೆ ಎರಡು ಯಂತ್ರಗಳ ನಡುವೆ ಸಂಪರ್ಕ ಕಲ್ಪಿಸುವುದೆಂದು ಹಲವರು ತಿಳಿದಿದ್ದಾರೆ. ಅದು ಸುಲಭದ ಭಾಗ. ತೊಡಕಿರುವುದು ದತ್ತಾಂಶದ ಅರ್ಥದಲ್ಲಿ. ಐಬಿಎಂ ಮೇನ್‌ಫ್ರೇಮ್‌ಗಳು ಅಕ್ಷರಗಳನ್ನು ಎಬ್ಸಿಡಿಕ್ ಸಂಕೇತದಲ್ಲಿ ಇಡುತ್ತವೆ. ರೋಮನ್ ಲಿಪಿಯ ದೊಡ್ಡ ‘ಎ’ ಅಕ್ಷರಕ್ಕೆ ಅಲ್ಲಿ 193 ಎಂಬ ಸಂಖ್ಯೆಯಿದ್ದರೆ, ಇತರ ಗಣಕಗಳಲ್ಲಿ ಬಳಕೆಯಲ್ಲಿರುವ ಆಸ್ಕಿ ಸಂಕೇತದಲ್ಲಿ 65. ಇದನ್ನು ಬದಲಾಯಿಸುವ ಸಾಧನಗಳು ಧಾರಾಳವಾಗಿವೆ. ಆದರೆ ಅದೇ ಕಡತದಲ್ಲಿ ಮೊತ್ತಗಳು ಸಾಮಾನ್ಯವಾಗಿ ಪ್ಯಾಕ್ಡ್ ಡೆಸಿಮಲ್ ರೂಪದಲ್ಲಿರುತ್ತವೆ: ಬೈಟ್ ಒಂದಕ್ಕೆ ಎರಡು ಅಂಕಿ, ಕೊನೆಯ ಅರ್ಧ ಬೈಟ್‌ನಲ್ಲಿ ಧನ ಅಥವಾ ಋಣ ಚಿಹ್ನೆ. ಇಡೀ ಕಡತವನ್ನು ಪಠ್ಯವೆಂದೇ ಪರಿವರ್ತಿಸಿದರೆ ಗ್ರಾಹಕರ ಹೆಸರುಗಳು ಅಚ್ಚುಕಟ್ಟಾಗಿ ಕಾಣುತ್ತವೆ, ಮೊತ್ತಗಳು ಮಾತ್ರ ಕೆಟ್ಟುಹೋಗಿರುತ್ತವೆ. ಹೆಸರು ಸರಿಯಿದೆಯೆಂದು ನೋಡಿ ನೆಮ್ಮದಿಯಿಂದ ಮನೆಗೆ ಹೋದವರು ಮರುದಿನ ಪಡುವ ಪಾಡು ನನಗೆ ಚೆನ್ನಾಗಿ ಗೊತ್ತು! ದಶಾಂಶ ಬಿಂದುವೂ ಕಡತದಲ್ಲಿ ಇರದಿರಬಹುದು. 12345 ಎಂಬುದು 123.45 ಎಂದು ತಿಳಿಸುವುದು ಕಾಪಿಬುಕ್, ಅಂದರೆ ಕಡತದ ರಚನೆಯನ್ನು ಹೇಳುವ ಕೋಬಾಲ್ ವಿವರಣೆ ಮಾತ್ರ. ‘ಕೊನೆಯ ದಿನಾಂಕವಿಲ್ಲ’ ಎಂಬುದಕ್ಕೆ 999999 ಎಂದು ಬರೆಯುವ ರೂಢಿಯೂ ಉಂಟು. ಆದ್ದರಿಂದ ಮೊದಲು ಕಾಪಿಬುಕ್‌ಗಳನ್ನು ಹುಡುಕಿ ತೆಗೆದು, ಪ್ರತಿಯೊಂದು ಅಂಕಣದ ಅರ್ಥವನ್ನೂ ಆ ಪ್ರೋಗ್ರಾಮರ್ ಅವರು ನಿವೃತ್ತರಾಗುವ ಮೊದಲೇ ಬರೆಸಿಕೊಳ್ಳಿ.

ದತ್ತಾಂಶವನ್ನು ಒಂದು ರೂಪದಿಂದ ಇನ್ನೊಂದಕ್ಕೆ ಬದಲಾಯಿಸುವ ಈ ಕೆಲಸವನ್ನು ಹಳೆಯದರಲ್ಲಿಯೂ ಇಡಬೇಡಿ, ಹೊಸದರಲ್ಲಿಯೂ ಇಡಬೇಡಿ, ನಡುವೆ ಪ್ರತ್ಯೇಕ ಪದರವೊಂದರಲ್ಲಿ ಇಡಿ. ನಾಳೆ ಯಾವುದೇ ಒಂದು ಬದಿ ಬದಲಾದರೂ ಇನ್ನೊಂದನ್ನು ಮುಟ್ಟಬೇಕಾಗುವುದಿಲ್ಲ. ಗ್ರಾಹಕರ ವಿಳಾಸಕ್ಕೆ ಯಾವ ವ್ಯವಸ್ಥೆ ಅಧಿಕೃತ, ದಾಸ್ತಾನಿಗೆ ಯಾವುದು ಎಂಬುದನ್ನೂ ಮೊದಲೇ ನಿರ್ಧರಿಸಿ, ಏಕೆಂದರೆ ಒಂದೇ ಮಾಹಿತಿಯನ್ನು ಎರಡೂ ಕಡೆ ತಿದ್ದಲು ಬಿಟ್ಟರೆ ಯಾವುದು ನಿಜವೆಂದು ಹೇಳುವವರೇ ಇರುವುದಿಲ್ಲ. ಆರಂಭದಲ್ಲಿ ಹೊಸ ತಂತ್ರಾಂಶ ಹಳೆಯ ದಾಸ್ತಾನನ್ನು ಓದಲಿ, ಬರೆಯುವುದು ಬೇಡ. ಮುಂದೆ ಬಿಲ್ಲಿಂಗ್ ಅನ್ನು ಸಾಗಿಸುವಾಗ ಎರಡನ್ನೂ ಜೊತೆಯಾಗಿ ನಡೆಸಿ ಲೆಕ್ಕಗಳನ್ನು ತಾಳೆ ನೋಡಿ. ಈ ಅವಧಿಯಲ್ಲಿ ವರ್ಷಾಂತ್ಯದ ಲೆಕ್ಕ ಮುಕ್ತಾಯವೂ ಸೇರಿರಲಿ, ಏಕೆಂದರೆ ವರ್ಷಕ್ಕೊಮ್ಮೆ ಮಾತ್ರ ಓಡುವ ಪ್ರೋಗ್ರಾಂಗಳನ್ನು ಎಲ್ಲರೂ ಮರೆತಿರುತ್ತಾರೆ.

ಪ್ರಶ್ನೆ: ಪ್ರತಿ ರಾತ್ರಿ ಕಡತ ಕಳುಹಿಸಿದರೆ ಸಾಕೇ, ಅಥವಾ ತಕ್ಷಣದ ಸಂಪರ್ಕವೇ ಬೇಕೇ?

ಉತ್ತರ: ಲೆಕ್ಕಪತ್ರಗಳಿಗೆ ರಾತ್ರಿಯ ಕಡತವೇ ಸಾಕು. ಗ್ರಾಹಕರಿಗೆ ಆಗಿಂದಾಗಲೇ ದಾಸ್ತಾನು ತೋರಿಸಬೇಕಾದರೆ ಮಾತ್ರ ಮೆಸೇಜ್ ಕ್ಯೂ, ಅಂದರೆ ಸಂದೇಶಗಳನ್ನು ಸಾಲಾಗಿ ಹಿಡಿದಿಟ್ಟು ತಲುಪಿಸುವ ವ್ಯವಸ್ಥೆ ಬಳಸಿ. ಒಂದು ಬದಿ ಸ್ಥಗಿತಗೊಂಡರೂ ಸಂದೇಶಗಳು ಸಾಲಿನಲ್ಲಿ ಕಾದಿರುತ್ತವೆ. ಅವು ಮರುಕಳಿಸಿ ಬರುವುದೂ ಉಂಟಾದ್ದರಿಂದ ಪ್ರತಿ ಸಂದೇಶಕ್ಕೂ ವಿಶಿಷ್ಟ ಸಂಖ್ಯೆ ಕೊಟ್ಟು, ಈಗಾಗಲೇ ಬಂದ ಸಂಖ್ಯೆಯನ್ನು ತಿರಸ್ಕರಿಸುವಂತೆ ಮಾಡಿ. ರಾತ್ರಿಯ ಕಡತವಾದರೆ ಅದರ ಕೊನೆಯ ಸಾಲಿನಲ್ಲಿ ದಾಖಲೆಗಳ ಸಂಖ್ಯೆಯನ್ನೂ ಒಟ್ಟು ಮೊತ್ತವನ್ನೂ ಸೇರಿಸಿ ಕಳುಹಿಸಿ. ಅವೆರಡೂ ತಾಳೆಯಾಗದಿದ್ದರೆ ಇಆರ್‌ಪಿ ಆ ಕಡತವನ್ನು ಒಳಗೆ ಬಿಟ್ಟುಕೊಳ್ಳಬಾರದು.