ಡಾಲ್‌ಹೌಸಿಗೆ ಬೈದು ಗೆದ್ದ ಡಬ್ಬಿ

ಬೈಲಹೊಂಗಲದ ನಿವೃತ್ತ ಶಿಕ್ಷಕರೊಬ್ಬರು ಬರೆದಿದ್ದಾರೆ: ‘ಶಾಲೆಗಳ ದೇಶಭಕ್ತಿ ಕಾರ್ಯಕ್ರಮಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಕೊಂಕು ಬರೆದಿದ್ದೀರಿ. ಕಿತ್ತೂರಿನ ಸೋಲಿಗೆ ಒಳಗಿನವರೂ ಕಾರಣ ಅಂತ ಮಕ್ಕಳಿಗೆ ಹೇಳಬೇಕಂತೆ. ಸರಕಾರ ಈಗಲಾದರೂ ನಮ್ಮ ವೀರರ ಇತಿಹಾಸ ಕಲಿಸಲು ಹೊರಟಿದೆ. ಹನ್ನೆರಡು ವರ್ಷದ ಕೂಸಿಗೆ ಮೊದಲು ಹೆಮ್ಮೆ ಬರಲಿ. ತಕರಾರು ಕಾಲೇಜಿಗೆ ಹೋದ ಮೇಲೆ ಇದ್ದೇ ಇದೆ.’

ಗುರುಗಳೇ, ಶರಣು.

ಕೊಂಕು ಇತ್ತು, ಒಪ್ಪಿದೆ. ಸರಕಾರ ಮಾಡಿದ್ದೆಲ್ಲ ಸುಮ್ನೆ ತೋರಿಕೆಯಲ್ಲ. ಕಿತ್ತೂರು ಉತ್ಸವಕ್ಕೆ ಸುತ್ತಲ ಹಳ್ಳಿಗಳ ಮಕ್ಕಳು ಬರುತ್ತಾರೆ. ಸಂಗೊಳ್ಳಿಯಲ್ಲಿ ರಾಯಣ್ಣನ ಬದುಕನ್ನು ಮೂರ್ತಿಗಳಲ್ಲೇ ನೋಡಬಹುದು. 2023ರಿಂದ ಶಾಲೆಗಳಲ್ಲಿ ಸಂವಿಧಾನದ ಪೀಠಿಕೆ ಓದಿಸುತ್ತಾರೆ. ನಾನು ಕಲಿಯುವಾಗ ಇದ್ಯಾವುದೂ ಇರಲಿಲ್ಲ. ನಮಗೆ ಇದ್ದದ್ದು ಭಾಷಣ ಸ್ಪರ್ಧೆ ಒಂದೇ.

ಅದರ ಕತೆ ಕೇಳಿ. ಏಳನೇ ತರಗತಿಯಲ್ಲಿ ನಾನು ಚೆನ್ನಮ್ಮನ ಮೇಲೆ ಭಾಷಣ ಮಾಡಿದೆ. ‘ದತ್ತು ಮಕ್ಕಳಿಗೆ ಹಕ್ಕಿಲ್ಲ ಎಂದ ಆ ನೀಚ ಡಾಲ್‌ಹೌಸಿ ಕಿತ್ತೂರಿನ ಮೇಲೆ ಕಣ್ಣು ಹಾಕಿದ’ ಎಂದು ಮೇಜು ಗುದ್ದಿದೆ. ಚಪ್ಪಾಳೆಯೋ ಚಪ್ಪಾಳೆ. ಬಹುಮಾನ ಒಂದು ಸ್ಟೀಲ್ ಡಬ್ಬಿ. ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ, ಕಿತ್ತೂರಿನ ಯುದ್ಧ ನಡೆದದ್ದು 1824ರ ಅಕ್ಟೋಬರ್ 23ರಂದು ಎಂದು ಗೊತ್ತಾಗುವ ಹೊತ್ತಿಗೆ ನನ್ನ ಮೀಸೆ ಬಲಿತಿತ್ತು. ಯುದ್ಧದ ದಿನ ಡಾಲ್‌ಹೌಸಿಗೆ ಹನ್ನೆರಡು ವರ್ಷ. ನೀವು ಹೇಳುವ ಕೂಸಿನಷ್ಟೇ! ಈಗಲೂ ಅಕ್ಟೋಬರ್ ಬಂತೆಂದರೆ ಯಾವುದೋ ವೇದಿಕೆಯಲ್ಲಿ ಅವನಿಗೆ ಬೈಗುಳ ತಪ್ಪಿದ್ದಲ್ಲ.

ಕಿತ್ತೂರಿನ ದತ್ತು ಒಪ್ಪದೆ ಅಡ್ಡಗಾಲು ಹಾಕಿದವನು ಧಾರವಾಡದ ಕಲೆಕ್ಟರ್ ಥ್ಯಾಕರೆ. ಖಜಾನೆಗೆ ಮುದ್ರೆ ಒತ್ತಿಸಿದ, ದಂಡು ತಂದ, ಕೋಟೆಯ ಮುಂದೆಯೇ ಸತ್ತ. ಇಷ್ಟು ಎಲ್ಲ ಪುಸ್ತಕಗಳಲ್ಲೂ ಸಿಗುತ್ತದೆ. ಅದಕ್ಕೂ ಆರು ವರ್ಷ ಹಿಂದಿನದು ಮಾತ್ರ ಯಾವ ಭಾಷಣದಲ್ಲೂ ಬರುವುದಿಲ್ಲ. 1818ರಲ್ಲಿ ಇಂಗ್ಲಿಷರು ಪೇಶ್ವೆಯ ಕೈಲಿದ್ದ ಬೆಳಗಾವಿ ಕೋಟೆಗೆ ಮುತ್ತಿಗೆ ಹಾಕಿದಾಗ ಕಿತ್ತೂರು ಅವರ ಪರವಾಗಿ ನಿಂತಿತ್ತು. ಇದನ್ನು ಹೇಳಿದರೆ ಕಿತ್ತೂರಿಗೆ ಅವಮಾನ ಅಂತೀರಾ? ನನಗೆ ಹಾಗೆ ಅನ್ನಿಸುವುದಿಲ್ಲ. ಚೆನ್ನಮ್ಮನ ಗಂಡ, ದೊರೆ ಮಲ್ಲಸರ್ಜನನ್ನು ಮರಾಠರ ಪೇಶ್ವೆ ಪುಣೆಯಲ್ಲಿ ಸೆರೆ ಇಟ್ಟಿದ್ದ. 1816ರಲ್ಲಿ ದೊರೆ ತೀರಿಕೊಂಡ. ಅಂಥ ಸಂಸ್ಥಾನ ಪೇಶ್ವೆಯ ವೈರಿಯ ಕೈ ಹಿಡಿದದ್ದರಲ್ಲಿ ಆಶ್ಚರ್ಯವೇನಿದೆ? ಹಾಗೆ ಹಿಡಿದ ಕೈಯೇ ಆರು ವರ್ಷಕ್ಕೆ ಕುತ್ತಿಗೆಗೆ ಬಂತು. ಈ ಹಿಂದಿನ ಕತೆ ಗೊತ್ತಿದ್ದ ಹುಡುಗನಿಗೆ ಚೆನ್ನಮ್ಮನ ಸಿಟ್ಟು ಎಲ್ಲಿಂದ ಬಂತು ಅಂತ ತಿಳಿಯುತ್ತದೆ. ಗೊತ್ತಿಲ್ಲದವನಿಗೆ ಕೈಯಲ್ಲಿ ಕತ್ತಿ ಹಿಡಿದ ಮೂರ್ತಿ ಮಾತ್ರ ಕಾಣುತ್ತದೆ.

ಇನ್ನು ಒಳಗಿನವರ ವಿಷಯ. ರಾಯಣ್ಣ 1830ರಲ್ಲಿ ಹೇಗೆ ಸಿಕ್ಕಿಬಿದ್ದ ಅಂತ ನಿಮ್ಮ ಸೀಮೆಯ ಯಾವ ಅಜ್ಜಿಯನ್ನಾದರೂ ಕೇಳಿ. ‘ನಮ್ಮವರೇ ಹಿಡಿದು ಕೊಟ್ರು’ ಎಂದೇ ಶುರು ಮಾಡುತ್ತಾಳೆ. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದ್ದನ್ನು ಹೇಳುವಾಗ ಕಣ್ಣು ಒರೆಸಿಕೊಳ್ಳುತ್ತಾಳೆ. ಅವಳ ಹೆಮ್ಮೆಗೆ ಏನು ಕೊರತೆಯಾಗಿದೆ ಹೇಳಿ? ಮನೆಯಲ್ಲಿ ಅಜ್ಜಿ ಹೇಳಿದ್ದನ್ನು ಶಾಲೆ ಮುಚ್ಚಿಟ್ಟರೆ ಮಗು ಯಾರನ್ನು ನಂಬಬೇಕು? ಒಂದು ಮಾತು ಮಾತ್ರ ನಿಮ್ಮದೇ ಸರಿ. ದ್ರೋಹ ಮಾಡಿದವರ ಮನೆತನ, ಜಾತಿ ಎತ್ತಿ ತರಗತಿಯಲ್ಲಿ ಹೇಳಬಾರದು. ಅದೇ ಅಡ್ಡಹೆಸರಿನ ಕೂಸು ಮೂರನೇ ಸಾಲಿನಲ್ಲಿ ಕೂತಿರುತ್ತದೆ.

ಹೆಮ್ಮೆ ಒಂದೇ ಸಾಕು ಅಂದರೆ ಬೆಳವಡಿಯನ್ನು ಏನು ಮಾಡೋಣ? ನಿಮ್ಮದೇ ತಾಲ್ಲೂಕು. ಅಲ್ಲಿನ ರಾಣಿ ಮಲ್ಲಮ್ಮ ಕಾದಾಡಿದ್ದು ಶಿವಾಜಿಯ ಸೈನ್ಯದ ಜೊತೆ. ಎತ್ತು-ದನದ ವಿಷಯಕ್ಕೆ ಹೊತ್ತಿದ ಜಗಳ ಅನ್ನುತ್ತಾರೆ. ಮೊದಲು ಯಾರು ಹೊಡೆದುಕೊಂಡು ಹೋದರು ಎಂಬುದಕ್ಕೆ ಆ ಕಡೆ ಒಂದು ಉತ್ತರ, ಈ ಕಡೆ ಒಂದು ಉತ್ತರ. ಬೆಳಗಾವಿಯಲ್ಲಿ ಕನ್ನಡ ಶಾಲೆಯ ಹುಡುಗರೂ ಮರಾಠಿ ಶಾಲೆಯ ಹುಡುಗರೂ ಸಂಜೆ ಒಂದೇ ಮೈದಾನದಲ್ಲಿ ಕ್ರಿಕೆಟ್ ಆಡುತ್ತಾರೆ. ಬರೀ ಜೈಕಾರ ಕಲಿಸಿ ಬಿಟ್ಟರೆ ಅಲ್ಲಿ ಬ್ಯಾಟು ಬೇರೆ ಕೆಲಸಕ್ಕೆ ಬಂದೀತು. ಎರಡೂ ಉತ್ತರ ಬೋರ್ಡಿನ ಮೇಲೆ ಬರೆದು ‘ಯಾವುದನ್ನು ನಂಬುತ್ತೀರಿ, ಯಾಕೆ?’ ಅಂತ ಕೇಳಿದರೆ ಒಳ್ಳೆಯ ಪಾಠವೇ ಆಗುತ್ತದೆ ಅಲ್ವಾ?

ಸರಕಾರಗಳ ಬಗ್ಗೆ ನನ್ನ ತಕರಾರು ಇಷ್ಟೇ. 2022ರಲ್ಲಿ ಪಠ್ಯಪುಸ್ತಕ ಬದಲಾಯಿತು, 2023ರಲ್ಲಿ ಮತ್ತೆ ಬದಲಾಯಿತು. ಯಾರ ಪಾಠ ಒಳಗೆ, ಯಾರದು ಹೊರಗೆ ಎಂಬುದೇ ಜಗಳ. ಪಾಠ ಮಾಡುವವರಿಗೆ ಹೊತ್ತೆಲ್ಲಿದೆ ಎಂದು ಕೇಳಿದವರಿಲ್ಲ. ಪರಿಚಯದ ಅಕ್ಕೋರೊಬ್ಬರು ಮೊನ್ನೆ ಸಿಕ್ಕಿದ್ದರು. ದಿನಾಚರಣೆಯ ಫೋಟೊವನ್ನು ಮಧ್ಯಾಹ್ನದೊಳಗೆ ಗ್ರೂಪಿಗೆ ಹಾಕಬೇಕಂತೆ. ‘ಫೋಟೊ ಚೆನ್ನಾಗಿ ಬಂತು, ಪಾಠ ನಾಳೆ’ ಎಂದು ನಕ್ಕರು.

ನಿಮ್ಮೂರಲ್ಲೇ ಚೆನ್ನಮ್ಮನ ಸಮಾಧಿ ಇದೆ. ಎಷ್ಟೋ ವರ್ಷ ಮಕ್ಕಳನ್ನು ಕರೆದುಕೊಂಡು ಹೋಗಿದ್ದೀರಿ ಎಂದು ಬರೆದಿದ್ದೀರಿ. ಅಲ್ಲಿ ನಿಂತು ಏಳನೇ ತರಗತಿಗೆ 1818ರ ಕತೆಯನ್ನು ಹೇಗೆ ಹೇಳುತ್ತೀರಿ? ಎರಡು ಪುಟ ಬರೆದು ಕಳಿಸಿ. ನನಗೆ ಬೈದು ಬರೆದರೂ ಅಡ್ಡಿಯಿಲ್ಲ, ಅಚ್ಚು ಹಾಕುತ್ತೇವೆ. ಹಾಂ, ಜೂನ್ ಸಂಚಿಕೆ ತಲುಪಿಲ್ಲ ಅಂದಿದ್ದಿರಿ. ಇನ್ನೊಂದು ಪ್ರತಿ ನಿನ್ನೆಯೇ ಅಂಚೆಗೆ ಹಾಕಿದ್ದೇವೆ.

— ಸಂಪಾದಕ