ರಾಜ್ಯದಲ್ಲೇ ಉಳಿದು ಇಷ್ಟೆಲ್ಲ ಮಾಡಿದ ಡಾನ್ ಡನ್‌ಸ್ಟನ್

"ಆಸ್ಟ್ರೇಲಿಯಾದಲ್ಲಿ ದೊಡ್ಡ ಅಧಿಕಾರವೆಲ್ಲ ರಾಜಧಾನಿ ಕ್ಯಾನ್‌ಬೆರಾದಲ್ಲೇ ಇದೆ, ರಾಜ್ಯದಲ್ಲೇ ಉಳಿದ ರಾಜಕಾರಣಿ ಏನು ತಾನೇ ಮಾಡಬಲ್ಲ?" ಎಂದು ಕೇಳಿದ್ದೀರಿ. ದಕ್ಷಿಣ ಆಸ್ಟ್ರೇಲಿಯಾ ರಾಜ್ಯದ ರಾಜಧಾನಿ ಅಡಿಲೇಡ್‌ನಲ್ಲಿರುವ ನನಗೆ ಈ ಪ್ರಶ್ನೆ ಕೇಳಿದ ಕೂಡಲೇ ನೆನಪಾಗುವುದು ಡಾನ್ ಡನ್‌ಸ್ಟನ್.

ಅವರು ಹುಟ್ಟಿದ್ದು 1926ರಲ್ಲಿ, ಫಿಜಿಯಲ್ಲಿ. ಕಬ್ಬಿನ ಗದ್ದೆಗೆ ದುಡಿಯಲು ಬಂದ ನಮ್ಮ ದೇಶದವರ ಮಕ್ಕಳು ಮೊಮ್ಮಕ್ಕಳು ತುಂಬಿದ್ದ ನಾಡು ಅದು. ಮೈಬಣ್ಣ ನೋಡಿ ಜನರನ್ನು ದೂರ ಇಡುವುದನ್ನು ಹುಡುಗನಾಗಿದ್ದಾಗಲೇ ಕಂಡರು. 1965ರಲ್ಲಿ ಅವರ ಲೇಬರ್ ಪಕ್ಷ, ಬಿಳಿಯರಲ್ಲದವರು ಇಲ್ಲಿಗೆ ಬಂದು ನೆಲೆಸದಂತೆ ತಡೆಯುವ 'ಬಿಳಿಯರ ಆಸ್ಟ್ರೇಲಿಯಾ' ನೀತಿಯನ್ನು ಕೈಬಿಟ್ಟಿತು. ಅದಕ್ಕಾಗಿ ಹೋರಾಡಿದವರಲ್ಲಿ ಇವರೂ ಮುಖ್ಯರು. ನಮ್ಮಂಥವರು ಇಂದು ಇಲ್ಲಿ ಮನೆ ಮಾಡಿಕೊಂಡಿರುವುದರಲ್ಲಿ ಆ ಹೋರಾಟದ ಪಾಲೂ ಇದೆ, ಅಲ್ವಾ?

1953ರಲ್ಲಿ ನಾರ್ವುಡ್ ಕ್ಷೇತ್ರದಿಂದ ರಾಜ್ಯದ ವಿಧಾನಸಭೆಗೆ ಗೆದ್ದರು. 1967ರಲ್ಲಿ ಪ್ರೀಮಿಯರ್, ಅಂದರೆ ಇಲ್ಲಿನ ಮುಖ್ಯಮಂತ್ರಿ, ಆದರು. ಮರುವರ್ಷವೇ ಕುರ್ಚಿ ಹೋಯಿತು. ಹೋದ ರೀತಿ ಮಾತ್ರ ತೀರಾ ಅನ್ಯಾಯದ್ದು. ರಾಜ್ಯದ ಹೆಚ್ಚಿನ ಜನ ಇದ್ದದ್ದು ಅಡಿಲೇಡ್‌ನಲ್ಲಿ. ಆದರೆ 39 ಸೀಟುಗಳಲ್ಲಿ 26 ಹಳ್ಳಿ ಕಡೆಗೆ, ನಗರಕ್ಕೆ ಬರೀ 13! ಲೇಬರ್‌ಗೆ ನೂರಕ್ಕೆ 52ರಷ್ಟು ಮತ ಬಿದ್ದರೂ ಸಿಕ್ಕಿದ್ದು 19 ಸೀಟು. ಎದುರಾಳಿಗಳಿಗೂ 19. ಉಳಿದ ಒಬ್ಬ ಪಕ್ಷೇತರ ಅವರ ಕಡೆ ಹೋದರು. ಜನ ಬೀದಿಗಿಳಿದರು. ಹೊಸ ಪ್ರೀಮಿಯರ್ ಸ್ಟೀಲ್ ಹಾಲ್ ತಾವೇ ಮುಂದೆ ನಿಂತು ಸೀಟುಗಳನ್ನು 47ಕ್ಕೆ ಏರಿಸಿ, ನಗರಕ್ಕೆ 28 ಕೊಟ್ಟರು. 1970ರಲ್ಲಿ ಅದೇ ಲೆಕ್ಕದಲ್ಲಿ ಸೋತರು. ಸ್ವಂತ ಪಕ್ಷಕ್ಕೆ ನಷ್ಟ ಎಂದು ಗೊತ್ತಿದ್ದೂ ಹಾಗೆ ಮಾಡಿದ ಹಾಲ್ ಅವರ ಬಗ್ಗೆಯೂ ನನಗೆ ತುಂಬಾ ಗೌರವ.

ಆಮೇಲಿನ ಒಂಬತ್ತು ವರ್ಷ ಡನ್‌ಸ್ಟನ್ ಅವರದು. ಸಲಿಂಗ ಸಂಬಂಧ ಅಪರಾಧವಲ್ಲ ಎಂದು ದೇಶದಲ್ಲೇ ಮೊದಲು ಕಾನೂನು ಮಾಡಿದ್ದು ಇಲ್ಲಿ, 1975ರಲ್ಲಿ. ಮರಣದಂಡನೆ 1976ರಲ್ಲಿ ಹೋಯಿತು. ಅದೇ ವರ್ಷ ಮೂಲನಿವಾಸಿ ನಾಯಕ ಡಗ್ಲಸ್ ನಿಕೋಲ್ಸ್ ರಾಜ್ಯಪಾಲರಾದರು. ಇದೆಲ್ಲ ನಡೆದದ್ದು ರಾಜ್ಯದ ಅಧಿಕಾರದಿಂದಲೇ. ಪೊಲೀಸು, ಶಾಲೆ, ಆಸ್ಪತ್ರೆ, ಜಮೀನು ಇಲ್ಲಿ ರಾಜ್ಯದ ಕೈಯಲ್ಲೇ ಜಾಸ್ತಿ.

1979ರ ಫೆಬ್ರವರಿಯಲ್ಲಿ ಆರೋಗ್ಯ ಕೆಟ್ಟು, ಆಸ್ಪತ್ರೆಯಲ್ಲಿ ಗೌನು ತೊಟ್ಟುಕೊಂಡೇ ಪತ್ರಕರ್ತರ ಮುಂದೆ ಕೂತು ರಾಜೀನಾಮೆ ಹೇಳಿದರು. ಅವರ ಸರ್ಕಾರ ತಂದ ಒಂದು ಕಾನೂನು ಈಗಲೂ ನಮ್ಮ ಅಡುಗೆಮನೆಯಲ್ಲಿದೆ. ಖಾಲಿ ಬಾಟಲಿಗಳನ್ನು ಚೀಲಕ್ಕೆ ತುಂಬಿಟ್ಟಿದ್ದೇನೆ. ವಾಪಸ್ ಕೊಟ್ಟರೆ ಒಂದಕ್ಕೆ 10 ಸೆಂಟ್.