ಮಲಾವಿಗೆ ಹೊರಟಿರುವ ವಿದ್ಯಾರ್ಥಿನಿಗೆ ಸಂಪಾದಕರ ಉತ್ತರ

ಕೆನಡಾದ ಒಂಟಾರಿಯೊದಲ್ಲಿ ಸಿವಿಲ್ ಎಂಜಿನಿಯರಿಂಗ್ ಮೂರನೆಯ ವರ್ಷದಲ್ಲಿ ಓದುತ್ತಿರುವ ಕನ್ನಡತಿಯೊಬ್ಬರು ಮೇ ತಿಂಗಳಿನಿಂದ ಆಗಸ್ಟ್‌ವರೆಗೆ ಆಫ್ರಿಕದ ಮಲಾವಿ ದೇಶದ ಗ್ರಾಮೀಣ ನೀರು ಸರಬರಾಜು ಯೋಜನೆಯೊಂದರಲ್ಲಿ ಸ್ವಯಂಸೇವಕಿಯಾಗಿ ದುಡಿಯಲಿದ್ದಾರೆ. ತಮ್ಮ ಓದು, ಬಲ್ಲ ಸಾಫ್ಟ್‌ವೇರ್‌ಗಳು, ಹಳ್ಳಿಯವರಿಗೆ ಹೊಸ ಬಗೆಯ ಪಂಪೊಂದನ್ನು ರೂಪಿಸಿಕೊಡುವ ಆಸೆ ಇವನ್ನೆಲ್ಲ ವಿವರಿಸಿ ಪರಿಚಯಪತ್ರ ಬರೆದಿರುವ ಅವರು, ಅಲ್ಲಿಯ ಜನರ ಮುಂದೆಯೂ ಇದನ್ನೇ ಹೇಳಿಕೊಳ್ಳಬಹುದೇ ಎಂದು ಕೇಳಿದ್ದಾರೆ.

ಉತ್ತರ: ನಮ್ಮ ಓದುಗರಿಗೆ ಈ ಪರಿಚಯ ಸಾಕು, ಮಲಾವಿಯ ಹಳ್ಳಿಗೆ ಸಾಲದು. ನಿಮ್ಮನ್ನು ಬರಹೇಳಿದವರು ಯಾರು, ನೀವು ಯಾರ ಕೈಕೆಳಗೆ ಕೆಲಸ ಮಾಡುತ್ತೀರಿ, ಯಾವಾಗ ಹೊರಟುಹೋಗುತ್ತೀರಿ ಎಂಬ ಮೂರು ಸಂಗತಿಗಳು ಅದರಲ್ಲಿ ಇಲ್ಲ. ಅಲ್ಲಿಯವರು ಮೊದಲು ತಿಳಿಯಬಯಸುವುದು ಇವನ್ನೇ.

ಹೊಸ ಪಂಪಿನ ಮಾತನ್ನಂತೂ ಸದ್ಯಕ್ಕೆ ಬಿಟ್ಟುಬಿಡಿ. ಮಲಾವಿ ಅಂಥ ಒಂದು ಹೊಸತನ್ನು ಈಗಾಗಲೇ ಕಂಡಿದೆ. ಮಕ್ಕಳು ತಿರುಗಣೆಯ ಮೇಲೆ ಆಡುತ್ತಿದ್ದಂತೆ ನೀರು ಮೇಲಿನ ತೊಟ್ಟಿಗೆ ಏರುವ ‘ಪ್ಲೇಪಂಪ್’ ಯೋಜನೆಗೆ 2006ರಲ್ಲಿ ಅಮೆರಿಕದ ಅಂದಿನ ಅಧ್ಯಕ್ಷರ ಪತ್ನಿ ಲಾರಾ ಬುಷ್ 1.64 ಕೋಟಿ ಡಾಲರ್ ನೆರವನ್ನು ಘೋಷಿಸಿದರು. 2010ರೊಳಗೆ ಆಫ್ರಿಕದಲ್ಲಿ 4,000 ಪಂಪುಗಳನ್ನು ಹಾಕುವ ಗುರಿಯಿತ್ತು. ಮಕ್ಕಳು ದಿನವಿಡೀ ಆಡುವುದಿಲ್ಲ ಎಂಬ ಸರಳ ಸಂಗತಿ ಯಾರ ಲೆಕ್ಕಕ್ಕೂ ಬಂದಂತಿಲ್ಲ. ಕೊನೆಗೆ ಆ ಭಾರವಾದ ಚಕ್ರವನ್ನು ಬಗ್ಗಿ ಕೈಯಿಂದ ತಿರುಗಿಸುವ ಪಾಡು ಹೆಂಗಸರ ಪಾಲಾಯಿತು. ಮಲಾವಿಯ ಕೆಲವೆಡೆ ನೆಟ್ಟಗೆ ನೀರು ಕೊಡುತ್ತಿದ್ದ ಕೈಪಂಪನ್ನು ಕಿತ್ತು ಅದೇ ಜಾಗದಲ್ಲಿ ಇದನ್ನು ನಿಲ್ಲಿಸಲಾಗಿತ್ತು.

ಹಾಗೆ ಕಿತ್ತದ್ದು ಆಫ್ರಿಡೆವ್ ಎಂಬ ಪಂಪ್. 1980ರ ದಶಕದಲ್ಲಿ ಮಲಾವಿ ಮತ್ತು ಕೆನ್ಯಾಗಳಲ್ಲೇ ಬೆಳೆದು ರೂಪುಗೊಂಡ ಅದನ್ನು ಸ್ಪ್ಯಾನರ್ ಹಿಡಿದ ಹಳ್ಳಿಯವರೇ ಬಿಚ್ಚಿ, ಸವೆದ ಸೀಲು, ಬೇರಿಂಗುಗಳನ್ನು ಬದಲಿಸಿ ಮತ್ತೆ ಜೋಡಿಸಬಹುದು. ನಮ್ಮ ಬಯಲುಸೀಮೆಯ ಊರುಗಳಲ್ಲಿ ಕಾಣುವ ಇಂಡಿಯಾ ಮಾರ್ಕ್ 2 ಪಂಪಿಗೂ ಇಂಥದೇ ನೆಲದ ಹಿನ್ನೆಲೆಯಿದೆ. ಅದರ ಮೂಲರೂಪ ಸೊಲ್ಲಾಪುರದ್ದು. (ಸಿದ್ಧರಾಮ ಕೆರೆ ಕಟ್ಟಿಸಿದ ಸೊನ್ನಲಿಗೆಯೇ ಇಂದಿನ ಸೊಲ್ಲಾಪುರ ಎಂಬುದನ್ನು ಕನ್ನಡತಿಯಾದ ನಿಮಗೆ ನೆನಪಿಸದಿರಲಾರೆ.) ಆದ್ದರಿಂದ ನೀವು ಮೊದಲು ಪರಿಚಯ ಮಾಡಿಕೊಳ್ಳಬೇಕಾದದ್ದು ಆ ಪ್ರದೇಶದ ಪಂಪ್ ಮೆಕ್ಯಾನಿಕ್‌ಗೆ, ಆಮೇಲೆ ಮನೆಮನೆಯಿಂದ ಹಣ ಕೂಡಿಸಿ ಬಿಡಿಭಾಗ ತರುವ ನೀರಿನ ಸಮಿತಿಗೆ. ಬಿಡಿಭಾಗ ಎಷ್ಟು ದೂರದಿಂದ ಬರುತ್ತದೆ, ಕೂಡಿಸಿದ ಹಣ ಯಾವ ತಿಂಗಳಲ್ಲಿ ಬರಿದಾಗುತ್ತದೆ ಎಂಬುದನ್ನು ಅವರಿಂದ ಕೇಳಿ ತಿಳಿದು ಜಿಲ್ಲೆಯ ನೀರಿನ ಕಚೇರಿಗೆ ಒಪ್ಪವಾಗಿ ಬರೆದುಕೊಟ್ಟರೆ, ನಾಲ್ಕು ತಿಂಗಳಿಗೆ ಅದು ಸಣ್ಣ ಕೆಲಸವೇನಲ್ಲ.

ನಿಮ್ಮ ಪತ್ರದಲ್ಲಿ ಸುಳಿಯದ ಇನ್ನೊಂದು ವಿಷಯವಿದೆ. ನೀವು ಕೆನಡಾದವರೆಂದು ಹೇಳಿಕೊಂಡರೂ ನಿಮ್ಮ ಮುಖ ನೋಡಿದವರು ನಿಮ್ಮನ್ನು ‘ಮ್ವೆನ್ಯೆ’, ಅಂದರೆ ಭಾರತೀಯ ಮೂಲದವಳು ಎಂದೇ ಗುರುತಿಸುತ್ತಾರೆ. ಅಲ್ಲಿ ಆ ಗುರುತು ಬಹುಮಟ್ಟಿಗೆ ಅಂಗಡಿಕಾರರದ್ದು. ಮಲಾವಿಯ ಮೊದಲ ಅಧ್ಯಕ್ಷ ಹೇಸ್ಟಿಂಗ್ಸ್ ಬಂಡಾ ಅವರ ಆಳ್ವಿಕೆಯಲ್ಲಿ, 1970ರ ದಶಕದಲ್ಲಿ, ಏಷ್ಯಾ ಮೂಲದ ವ್ಯಾಪಾರಿಗಳನ್ನು ಹಳ್ಳಿಗಳಿಂದ ತೆರವುಗೊಳಿಸಿ ಕೆಲವೇ ನಗರಗಳಿಗೆ ಸೀಮಿತಗೊಳಿಸಲಾಯಿತು. ಹೀಗಾಗಿ ಹಳ್ಳಿಯಲ್ಲಿ ಬಂದುಳಿಯುವ ಭಾರತೀಯ ಮುಖದ ಹುಡುಗಿ ಏನನ್ನಾದರೂ ಮಾರಲು ಬಂದಿರಬಹುದೇ ಎಂಬ ಅನುಮಾನ ಎದುರಾದರೆ ನೊಂದುಕೊಳ್ಳಬೇಡಿ. ಯಾರ ಸಂಬಳವೂ ಇಲ್ಲದೆ ವಿದ್ಯಾರ್ಥಿನಿಯಾಗಿ ಬಂದಿದ್ದೇನೆ ಎಂಬುದನ್ನು ಮೊದಲ ದಿನವೇ ಚಿಚೇವಾ ಭಾಷೆಯಲ್ಲಿ ಹೇಳುವಷ್ಟು ಕಲಿತು ಹೋಗಿ.

ಹೊರಡುವ ದಿನವನ್ನು ಮುಚ್ಚಿಡಬೇಡಿ ಎನ್ನಲು ಬೇರೆಯದೇ ಕಾರಣವಿದೆ. ನಿಮ್ಮ ಬೇಸಿಗೆ ರಜೆ ಮಲಾವಿಯಲ್ಲಿ ಸುಗ್ಗಿ ಮುಗಿದ ತಂಪು ಕಾಲ. ಮೆಕ್ಕೆಜೋಳ ಮನೆ ಸೇರಿರುತ್ತದೆ, ಕೊಳವೆಬಾವಿಯಲ್ಲಿ ನೀರೂ ಇರುತ್ತದೆ. ಮಳೆ ಮರಳುವುದು ನವೆಂಬರ್ ಹೊತ್ತಿಗೆ. ಅದಕ್ಕೂ ಮುಂಚಿನ ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಬಿರುಬಿಸಿಲಲ್ಲಿ ನೀರಿನ ಮಟ್ಟ ಕುಸಿದು ಪಂಪಿನ ಮುಂದೆ ಸಾಲು ಬೆಳೆಯುವ ವೇಳೆಗೆ ನೀವು ತರಗತಿಯಲ್ಲಿರುತ್ತೀರಿ. ನೀವು ಆಗಸ್ಟ್‌ನಲ್ಲಿ ಬರೆದಿಡುವ ವರದಿಗೆ ಅಕ್ಟೋಬರಿನ ಅಂಕಿಗಳನ್ನು ಸೇರಿಸುವವರು ಯಾರು ಎಂಬುದನ್ನು ಮೇ ತಿಂಗಳಲ್ಲೇ ಸಮಿತಿಯೊಡನೆ ಗೊತ್ತುಮಾಡಿಕೊಳ್ಳಿ. ಆ ಅಂಕಿಗಳು ಕೈಸೇರಿದ ಮೇಲೆ ನಮಗೊಂದು ಲೇಖನ ಬರೆದು ಕಳುಹಿಸಿದರೆ ಪ್ರಕಟಿಸುತ್ತೇವೆ.